ಎಳೆ, ಗೀರು, ಬರೆ: ಅಮೂರ್ತ ರೇಖಾಚಿತ್ರದಲ್ಲಿ ಸಾಮಗ್ರಿ ಮತ್ತು ದೈಹಿಕ ಕ್ರಿಯೆ

1. ಪ್ರವೇಶ

ಗೆರೆಯೊಂದು ಮೂಡುವ ಬಗೆಯನ್ನು ಹೇಳಲು ಕನ್ನಡಕ್ಕೆ ಒಂದೇ ಕ್ರಿಯಾಪದ ಸಾಲದು. ಗೆರೆಯನ್ನು ‘ಎಳೆಯುತ್ತಾರೆ’, ‘ಗೀರುತ್ತಾರೆ’, ‘ಗೀಚುತ್ತಾರೆ’, ಚಿತ್ರವನ್ನು ‘ಬರೆಯುತ್ತಾರೆ’. ಇವು ಒಂದಕ್ಕೊಂದು ಪರ್ಯಾಯ ಪದಗಳಲ್ಲ. ಎಳೆಯುವುದರಲ್ಲಿ ಸೆಳೆತವಿದೆ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬಿಗಿಯಾಗಿ ಹಿಡಿದ ನೂಲಿನ ನೆನಪಿದೆ. ‘ಎಳೆ’ ಎಂಬ ನಾಮಪದ ನೂಲಿನ ಎಳೆಯನ್ನೂ ರಂಗೋಲಿಯ ಗೆರೆಯನ್ನೂ ಏಕಕಾಲಕ್ಕೆ ಸೂಚಿಸುತ್ತದೆ. ಗೀರುವುದರಲ್ಲಿ ಮೇಲ್ಮೈಗೆ ಆಗುವ ಗಾಯವಿದೆ. ‘ಬರೆ’ ಎಂಬುದು ಲೇಖನ ಮತ್ತು ಚಿತ್ರರಚನೆಗಳೆರಡಕ್ಕೂ ಸಲ್ಲುವ ಕ್ರಿಯಾಪದವಾಗಿರುವಂತೆಯೇ, ಕಾದ ಲೋಹ ಚರ್ಮದ ಮೇಲೆ ಉಳಿಸುವ ಸುಟ್ಟ ಗುರುತಿನ ಹೆಸರೂ ಹೌದು. ಗಾಯದ ಮೇಲೆ ಬರೆ ಎಳೆಯುವ ಮಾತು ಜನರ ಬಾಯಲ್ಲಿ ಇಂದಿಗೂ ಇದೆ. ಇದು ಪದನಿಷ್ಪತ್ತಿಯ ವಾದವಲ್ಲ; ಬಳಕೆಯ ಸಾಕ್ಷ್ಯ ಮಾತ್ರ. ಆದರೆ ಈ ಸಾಕ್ಷ್ಯ ಒಂದು ಮುಖ್ಯ ಸಂಗತಿಯತ್ತ ಕೈತೋರುತ್ತದೆ. ಗೆರೆಯನ್ನು ಆಕಾರವೆಂದು ಹೆಸರಿಸುವ ಮುನ್ನ ಭಾಷೆ ಅದನ್ನು ಕ್ರಿಯೆಯೆಂದು ಗುರುತಿಸಿದೆ. ಯಾವ ವಸ್ತುವಿನ ಮೇಲೆ ಯಾವ ವಸ್ತು ಯಾವ ಬಲದಿಂದ ಚಲಿಸಿತೆಂಬುದನ್ನು ಕ್ರಿಯಾಪದದಲ್ಲಿಯೇ ಅಡಗಿಸಿಟ್ಟಿದೆ.

ಭಾರತೀಯ ಅಮೂರ್ತ ಕಲೆಯನ್ನು ಕುರಿತ ವಿಮರ್ಶೆ ಬಹುಮಟ್ಟಿಗೆ ಈ ಅರಿವನ್ನು ಬದಿಗಿಟ್ಟು ಬೆಳೆದಿದೆ. ಆಕೃತಿ ಇಲ್ಲದ ಕಡೆ ಅರ್ಥವನ್ನು ಹುಡುಕಬೇಕಾದ ತುರ್ತಿನಲ್ಲಿ ಶೂನ್ಯ, ಮೌನ, ಅನಂತ, ಧ್ಯಾನ ಮುಂತಾದ ಪರಿಭಾಷೆಗಳನ್ನು ಅದು ಎರವಲು ಪಡೆಯಿತು. ಈ ಪದಗಳು ಸುಳ್ಳೆಂದಲ್ಲ. ಕಲಾವಿದರೇ ಅನೇಕ ಸಲ ಅವುಗಳನ್ನು ಬಳಸಿದ್ದಾರೆ. ಆದರೆ ಒಂದೇ ಪರಿಭಾಷೆ ಹತ್ತು ಭಿನ್ನ ಕಲಾವಿದರಿಗೆ ಸಮನಾಗಿ ಒಪ್ಪುವುದಾದರೆ, ಅದು ಯಾವೊಬ್ಬರ ಕೃತಿಯನ್ನೂ ವಿವರಿಸುತ್ತಿಲ್ಲವೆಂದೇ ಅರ್ಥ. ಮಸಿಯ ಗೆರೆಗೂ ಸುಟ್ಟ ಹಲಗೆಗೂ ಕಾಗದದ ತಿರುಳಿನ ಮೇಲಿನ ಸೀಳಿಗೂ ‘ಮೌನ’ವೆಂಬ ಒಂದೇ ಹೆಸರನ್ನು ಕೊಟ್ಟಾಗ ಮೂರು ಬೇರೆ ಬೇರೆ ಅನುಭವಗಳು ಒಂದಾಗಿ ಕರಗಿಹೋಗುತ್ತವೆ.

ಸಾಮಗ್ರಿ ಮತ್ತು ದೈಹಿಕ ಕ್ರಿಯೆಗಳು ಅಮೂರ್ತ ರೇಖಾಚಿತ್ರದ ಪೂರ್ವಸಿದ್ಧತೆಯಲ್ಲ, ಅದರ ಅರ್ಥವೇ ಅಲ್ಲಿ ರೂಪುಗೊಳ್ಳುತ್ತದೆ ಎಂಬುದನ್ನು ಪರಿಶೀಲಿಸುವುದು ಈ ಪ್ರಬಂಧದ ಉದ್ದೇಶ. ನಸ್ರೀನ್ ಮೊಹಮದಿ (1937–1990) ಅವರ ರೇಖಾಚಿತ್ರಗಳು ಇಲ್ಲಿಯ ಮುಖ್ಯ ಆಧಾರ. ಜೇರಾಮ್ ಪಟೇಲ್ (1930–2016) ಮತ್ತು ಸೋಮನಾಥ ಹೋರ್ (1921–2006) ಅವರ ಕೃತಿಗಳು ತೌಲನಿಕ ನೆಲೆಯನ್ನು ಒದಗಿಸುತ್ತವೆ. ಕೊನೆಯಲ್ಲಿ ಕರ್ನಾಟಕದ ಕಲಾಸಂದರ್ಭದೊಡನೆ ಈ ಪ್ರಶ್ನೆಗಿರುವ ಸಂಬಂಧವನ್ನು ಗಮನಿಸಲಾಗಿದೆ.

2. ಕಾಗದ, ಗ್ರಾಫೈಟ್, ಶಾಯಿ

ರೇಖಾಚಿತ್ರದ ಸಾಮಗ್ರಿಗಳು ಎಲ್ಲರಿಗೂ ಪರಿಚಿತವಾದವು. ಪರಿಚಯದ ದೆಸೆಯಿಂದಲೇ ಅವು ಗಮನಕ್ಕೆ ಬಾರದೆ ಉಳಿಯುತ್ತವೆ. ಆದ್ದರಿಂದ ಮೊದಲಿಗೆ ಅವುಗಳ ಸ್ವಭಾವವನ್ನು ತಿಳಿಯುವುದು ಯುಕ್ತ.

ಕಾಗದವು ನಾರುಗಳ ಹೆಣಿಗೆ. ಕಣ್ಣಿಗೆ ಸಪಾಟಾಗಿ ಕಂಡರೂ ಅದರಲ್ಲಿ ಉಬ್ಬುತಗ್ಗುಗಳಿವೆ. ಗ್ರಾಫೈಟ್ ಇಂಗಾಲದ ಒಂದು ರೂಪ. ಅದರ ಅಣುಗಳು ಪದರಪದರವಾಗಿ ಜೋಡಣೆಗೊಂಡಿದ್ದು, ಪದರಗಳ ನಡುವಿನ ಬಂಧ ಸಡಿಲವಾಗಿರುವುದರಿಂದ ಸ್ವಲ್ಪ ಒತ್ತಡಕ್ಕೇ ಒಂದರ ಮೇಲೊಂದು ಜಾರುತ್ತವೆ. ಪೆನ್ಸಿಲ್ ಕಾಗದದ ಮೇಲೆ ಸರಿದಾಗ ಈ ಪದರಗಳು ಕಳಚಿ ನಾರಿನ ಉಬ್ಬುಗಳಿಗೆ ಅಂಟಿಕೊಳ್ಳುತ್ತವೆ. ತಗ್ಗುಗಳು ಬಿಳಿಯಾಗಿಯೇ ಉಳಿಯುತ್ತವೆ. ಹೀಗಾಗಿ ಪೆನ್ಸಿಲ್ಲಿನ ಗೆರೆ ಹತ್ತಿರದಿಂದ ನೋಡಿದರೆ ಗೆರೆಯೇ ಅಲ್ಲ, ಒಂದರ ಬದಿಗೊಂದು ನಿಂತ ಕಣಗಳ ಸಾಲು. ಒತ್ತಡ ಹೆಚ್ಚಿದಂತೆ ತಗ್ಗುಗಳೂ ತುಂಬಿ ಗೆರೆ ಗಾಢವಾಗುತ್ತದೆ. 1795ರಲ್ಲಿ ಫ್ರಾನ್ಸಿನ ನಿಕೊಲಾ ಜಾಕ್ ಕಾಂಟೆ ಗ್ರಾಫೈಟ್ ಪುಡಿಗೆ ಜೇಡಿಮಣ್ಣನ್ನು ಬೆರೆಸಿ ಸುಡುವ ವಿಧಾನವನ್ನು ರೂಪಿಸಿದ ಮೇಲೆ ಪೆನ್ಸಿಲ್ಲಿನ ಗಡಸುತನವನ್ನು ನಿಯಂತ್ರಿಸುವುದು ಸಾಧ್ಯವಾಯಿತು. ಮಣ್ಣು ಹೆಚ್ಚಾದಷ್ಟೂ ಗೆರೆ ಗಡುಸು ಮತ್ತು ತೆಳು. ಗ್ರಾಫೈಟಿಗೆ ಲೋಹದಂಥ ಹೊಳಪೂ ಇದೆ. ಬೆಳಕು ಬೀಳುವ ಕೋನ ಬದಲಾದಂತೆ ಅದೇ ಗೆರೆ ಕಪ್ಪಾಗಿಯೂ ಬೆಳ್ಳಿಯ ಬಣ್ಣದ್ದಾಗಿಯೂ ಕಾಣುತ್ತದೆ.

ಶಾಯಿಯ ನಡತೆ ಇದಕ್ಕೆ ವಿರುದ್ಧವಾದದ್ದು. ಅದು ದ್ರವ, ಕಾಗದದ ಮೇಲೆ ಕೂರುವುದಿಲ್ಲ, ಒಳಗೆ ಇಳಿಯುತ್ತದೆ. ಕಾಗದಕ್ಕೆ ಹಾಕಿದ ಅಂಟಿನ ಪ್ರಮಾಣ ಕಡಿಮೆಯಿದ್ದರೆ ನಾರುಗಳ ಗುಂಟ ಹರಡಿ ಗೆರೆಯ ಅಂಚು ಒಡೆಯುತ್ತದೆ. ಗ್ರಾಫೈಟನ್ನು ರಬ್ಬರಿನಿಂದ ಅಳಿಸಬಹುದು. ಶಾಯಿಯನ್ನು ಅಲಗಿನಿಂದ ಕೆರೆದು ತೆಗೆಯಬೇಕು, ಕೆರೆದಲ್ಲಿ ನಾರು ಎದ್ದು ಆ ಜಾಗ ಎಂದಿಗೂ ಮೊದಲಿನಂತಾಗದು. ಒಂದು ತಿದ್ದುಪಡಿಯನ್ನು ಸಹಿಸುತ್ತದೆ, ಇನ್ನೊಂದು ಸಹಿಸುವುದಿಲ್ಲ. ಆದ್ದರಿಂದ ಶಾಯಿಯ ಗೆರೆಯಲ್ಲಿ ಕಾಲದ ಬಾಧ್ಯತೆ ಹೆಚ್ಚು.

ನಕ್ಷೆಗಾರರು ಬಳಸುತ್ತಿದ್ದ ರೂಲಿಂಗ್ ಪೆನ್ನನ್ನು ಉದಾಹರಣೆಯಾಗಿ ನೋಡಬಹುದು. ಅದಕ್ಕೆ ಮೊನೆಯ ಬದಲು ಎರಡು ಉಕ್ಕಿನ ಅಲಗುಗಳಿರುತ್ತವೆ; ಅವುಗಳ ನಡುವಿನ ಅಂತರವನ್ನು ಸಣ್ಣ ತಿರುಪು ನಿಯಂತ್ರಿಸುತ್ತದೆ. ಆ ಸಂದಿನಲ್ಲಿ ಶಾಯಿಯ ಹನಿ ತನ್ನ ಮೇಲ್ಮೈ ಸೆಳೆತದಿಂದ ನಿಲ್ಲುತ್ತದೆ. ಪೆನ್ನು ಕಾಗದವನ್ನು ಮುಟ್ಟಿ ಒಂದು ಕ್ಷಣ ನಿಂತರೂ ಅಲ್ಲಿ ಬೊಟ್ಟು ಬೀಳುತ್ತದೆ. ವೇಗ ಹೆಚ್ಚಿದರೆ ಗೆರೆ ತುಂಡಾಗುತ್ತದೆ. ಪಟ್ಟಿಯ ಅಂಚಿಗೆ ತೀರ ಒತ್ತಿ ಹಿಡಿದರೆ ಶಾಯಿ ಪಟ್ಟಿಯಡಿ ನುಸುಳಿ ಹರಡುತ್ತದೆ. ಒಂದೇ ದಪ್ಪದ ಗೆರೆ ಬೇಕಾದರೆ ಮಣಿಕಟ್ಟನ್ನು ಬಿಗಿಹಿಡಿದು ಭುಜದಿಂದ ತೋಳನ್ನು ಸರಿಸಬೇಕು, ಉಸಿರನ್ನು ಅದಕ್ಕೆ ಹೊಂದಿಸಬೇಕು. ಯಂತ್ರದ್ದೆಂದು ತೋರುವ ಗೆರೆಯ ಹಿಂದೆ ಇಷ್ಟು ದೇಹವಿದೆ.

3. ನಸ್ರೀನ್ ಮೊಹಮದಿ: ಎಳೆಯ ಶಿಸ್ತು

ಕರಾಚಿಯಲ್ಲಿ ಜನಿಸಿ ಮುಂಬಯಿಯಲ್ಲಿ ಬೆಳೆದ ನಸ್ರೀನ್ 1954ರಿಂದ 1957ರವರೆಗೆ ಲಂಡನ್ನಿನ ಸೇಂಟ್ ಮಾರ್ಟಿನ್ಸ್ ಕಲಾಶಾಲೆಯಲ್ಲಿಯೂ 1961ರಿಂದ 1963ರವರೆಗೆ ಪ್ಯಾರಿಸಿನಲ್ಲಿಯೂ ಅಭ್ಯಾಸ ಮಾಡಿದರು. ಮುಂಬಯಿಯ ಭೂಲಾಭಾಯಿ ದೇಸಾಯಿ ಸ್ಮಾರಕ ಸಂಸ್ಥೆಯ ಪರಿಸರದಲ್ಲಿ ವಿ. ಎಸ್. ಗಾಯ್ತೊಂಡೆ ಅವರ ಒಡನಾಟ ಒದಗಿತು. 1972ರಿಂದ ಕೊನೆಯವರೆಗೆ ಬರೋಡಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗದಲ್ಲಿ ಅಧ್ಯಾಪಕಿಯಾಗಿದ್ದರು. ಬರೋಡಾದಲ್ಲಿ ಕಥನಾತ್ಮಕ ಆಕೃತಿಚಿತ್ರಣ ಪ್ರಬಲವಾಗುತ್ತಿದ್ದ ದಶಕದಲ್ಲಿಯೇ ಅವರು ಆಕೃತಿಯನ್ನೂ ಬಣ್ಣವನ್ನೂ ತೊರೆದು ಗೆರೆಯೊಂದನ್ನೇ ಉಳಿಸಿಕೊಂಡರೆಂಬುದು ಗಮನಾರ್ಹ.

1960ರ ದಶಕದ ಕೃತಿಗಳಲ್ಲಿ ಕುಂಚವಿದೆ, ತೆಳು ಮಸಿಯ ಹರಹಿದೆ. ಗಿಡ, ನೆಲ, ಕಡಲಂಚುಗಳ ಸುಳಿವು ಇನ್ನೂ ಅಳಿದಿಲ್ಲ. ನೀರು ಎಲ್ಲಿ ಒಯ್ಯುತ್ತದೆಯೋ ಅಲ್ಲಿ ಮಸಿ ಹೋಗುತ್ತದೆ. ಕೈ ಅದನ್ನು ಹಿಂಬಾಲಿಸುತ್ತದೆ. 1970ರ ದಶಕದಲ್ಲಿ ಈ ಸಂಬಂಧ ತಿರುವುಮುರುವಾಯಿತು. ವಾಸ್ತುಶಿಲ್ಪಿಗಳೂ ಎಂಜಿನಿಯರುಗಳೂ ಬಳಸುವ ನಕ್ಷೆ ಬರೆಯುವ ಉಪಕರಣಗಳು ಅವರ ಕೈಗೆ ಬಂದವು. ಕಾಗದದ ಉದ್ದಗಲಕ್ಕೆ ಅಡ್ಡಗೆರೆಗಳು, ಅವುಗಳನ್ನು ಹಾಯುವ ಲಂಬಗೆರೆಗಳು, ಹೀಗೆ ಜಾಲ ರೂಪುಗೊಂಡಿತು. ಮುಂದೆ ಕರ್ಣರೇಖೆಗಳು ಬಂದು ಜಾಲದ ನಿಶ್ಚಲತೆಯನ್ನು ಒಡೆದವು. 1980ರ ದಶಕದಲ್ಲಿ ಕಾಗದದ ಬಹುಭಾಗ ಖಾಲಿಯಾಗಿ, ಕೆಲವೇ ತ್ರಿಕೋನಗಳು, ಕಮಾನುಗಳು, ಓರೆಗೆರೆಗಳು ಆ ಬಿಳಿಯಲ್ಲಿ ತೇಲಿದವು.

ಜಾಲದ ಚಿತ್ರಗಳನ್ನು ಮುದ್ರಿತ ಪುಟದಲ್ಲಿ ನೋಡಿದವರಿಗೆ ಅವು ಗಣಿತದ ನಿಷ್ಠುರ ರಚನೆಗಳಾಗಿ ತೋರುತ್ತವೆ. ಮೂಲಕೃತಿಯ ಮುಂದೆ ನಿಂತಾಗ ಈ ಭಾವನೆ ಉಳಿಯುವುದಿಲ್ಲ. ಒಂದು ಗೆರೆ ಹೊರಟಲ್ಲಿ ಗಾಢವಾಗಿದ್ದು ಮುಂದೆ ಸಾಗಿದಂತೆ ತೆಳುವಾಗುತ್ತದೆ. ಪಕ್ಕದ ಗೆರೆ ನಡುವೆ ನಿಂತು, ಸ್ವಲ್ಪ ಅಂತರ ಬಿಟ್ಟು, ಮತ್ತೆ ಆರಂಭಗೊಳ್ಳುತ್ತದೆ. ಎರಡು ಗೆರೆಗಳ ನಡುವಿನ ಅಂತರ ಒಂದೆಡೆ ಕಿರಿದಾಗಿ ಅಲ್ಲಿ ಕತ್ತಲು ಕವಿದಂತಾಗುತ್ತದೆ, ಇನ್ನೊಂದೆಡೆ ಹಿಗ್ಗಿ ಬೆಳಕು ಬಿಟ್ಟಂತಾಗುತ್ತದೆ. ಅನೇಕ ಕೃತಿಗಳಲ್ಲಿ ಗ್ರಾಫೈಟ್ ಮತ್ತು ಶಾಯಿಗಳೆರಡೂ ಒಂದೇ ಹಾಳೆಯ ಮೇಲಿವೆ. ಇದು ಕೇವಲ ಮಾಧ್ಯಮದ ವೈವಿಧ್ಯವಲ್ಲ. ಮೇಲೆ ವಿವರಿಸಿದಂತೆ ಒಂದು ಕಾಗದದ ಮೇಲೆ ಕೂರುತ್ತದೆ, ಇನ್ನೊಂದು ಒಳಗಿಳಿಯುತ್ತದೆ. ಒಂದು ಬೆಳಕನ್ನು ಮರಳಿಸುತ್ತದೆ, ಇನ್ನೊಂದು ನುಂಗುತ್ತದೆ. ನೋಡುವವರು ಒಂದು ಹೆಜ್ಜೆ ಬದಿಗೆ ಸರಿದರೆ ಗ್ರಾಫೈಟಿನ ಗೆರೆಗಳು ಮಿನುಗಿ ಹಿಂದೆ ಸರಿಯುತ್ತವೆ, ಶಾಯಿಯ ಗೆರೆಗಳು ಇದ್ದಲ್ಲಿಯೇ ನಿಲ್ಲುತ್ತವೆ. ಈ ಚಿತ್ರಗಳ ಆಳ ಹುಟ್ಟುವುದು ದೃಶ್ಯಕೋನದ ಭ್ರಮೆಯಿಂದಷ್ಟೇ ಅಲ್ಲ, ಎರಡು ಇಂಗಾಲಗಳ ಸ್ವಭಾವಭೇದದಿಂದ. ಮುದ್ರಣದಲ್ಲಿ ಎರಡೂ ಒಂದೇ ಕಪ್ಪಾಗಿ ಬಿಡುವುದರಿಂದ ಆ ಆಳವೂ ಕಳೆದುಹೋಗುತ್ತದೆ. ನಸ್ರೀನ್ ಅವರ ಕೃತಿಗಳನ್ನು ಬಹುಪಾಲು ಓದುಗರು ಬಲ್ಲದ್ದು ಪ್ರತಿಕೃತಿಗಳ ಮೂಲಕವೇ ಆದ್ದರಿಂದ, ಅವರ ಕುರಿತ ‘ನಿರ್ಲಿಪ್ತತೆ’ಯ ಮಾತು ಎಷ್ಟರಮಟ್ಟಿಗೆ ಕಲಾವಿದೆಯದು, ಎಷ್ಟರಮಟ್ಟಿಗೆ ಮುದ್ರಣಯಂತ್ರದ್ದು ಎಂದು ಕೇಳಬೇಕಾಗುತ್ತದೆ.

ಇಲ್ಲೊಂದು ಆಕ್ಷೇಪ ಸಹಜವಾಗಿ ಎದುರಾಗುತ್ತದೆ. ಅದೇ ಕಾಗದ, ಅದೇ ಶಾಯಿ, ಅದೇ ಉಪಕರಣಗಳಿಂದ ಸೇತುವೆಯ ನಕ್ಷೆಯೂ ಸಿದ್ಧವಾಗುತ್ತದೆ. ಸಾಮಗ್ರಿಯೇ ಅರ್ಥವಾದರೆ ಎಂಜಿನಿಯರನ ನಕ್ಷೆಗೂ ಈ ಚಿತ್ರಕ್ಕೂ ಅಂತರವೇನು? ಅಂತರವಿರುವುದು ಗೆರೆಯ ಹೊಣೆಯಲ್ಲಿ. ನಕ್ಷೆಯ ಗೆರೆ ತನ್ನಾಚೆಗಿರುವ ಗೋಡೆಯನ್ನೋ ತೊಲೆಯನ್ನೋ ಪ್ರತಿನಿಧಿಸುತ್ತದೆ. ಅಲ್ಲಿ ಕೈಯ ಏರುಪೇರು ದೋಷ, ಕಟ್ಟಡ ಎದ್ದುನಿಂತ ಮೇಲೆ ನಕ್ಷೆ ಕೇವಲ ದಾಖಲೆ. ನಸ್ರೀನ್ ಅವರ ಗೆರೆಗೆ ಅಂಥ ಆಚೆ ಇಲ್ಲ. ಅದು ಯಾವುದರ ಬದಲಿಗೂ ನಿಂತಿಲ್ಲವಾದ್ದರಿಂದ ಅದರ ಒತ್ತಡ, ಬಿಡುವು, ಕ್ಷಯಗಳೆಲ್ಲ ಹೇಳಬೇಕಾದ ಮಾತೇ ಆಗುತ್ತವೆ. ನಿಖರತೆಗೆಂದು ರೂಪುಗೊಂಡ ಉಪಕರಣವನ್ನು ಅವರು ನಿಖರತೆಯ ಅಂಚಿನಲ್ಲಿ ಏನಾಗುತ್ತದೆಂದು ತೋರಿಸಲು ಬಳಸಿದರು. ಸಾಮಗ್ರಿ ತಾನಾಗಿ ಅರ್ಥವನ್ನು ಕೊಡುವುದಿಲ್ಲ. ಅದಕ್ಕೆ ಹೊರಿಸಿದ ಕೆಲಸವನ್ನು ಇಳಿಸಿದಾಗ ಮಾತನಾಡತೊಡಗುತ್ತದೆ.

ಅವರು ತೆಗೆದ ಕಪ್ಪುಬಿಳುಪು ಛಾಯಾಚಿತ್ರಗಳನ್ನು ಈ ನೆಲೆಯಲ್ಲಿ ಓದಬಹುದು. ಜೀವಿತಕಾಲದಲ್ಲಿ ಅವರು ಅವುಗಳನ್ನು ಪ್ರದರ್ಶಿಸಲಿಲ್ಲ. ಫತೇಪುರ ಸಿಕ್ರಿಯ ನೆಲಗಟ್ಟು, ಕಡಲ ತೀರದ ಮರಳು, ರಸ್ತೆಯ ಗುರುತು, ಮಗ್ಗದ ಮೇಲೆ ಬಿಗಿದ ಹಾಸಿನ ಎಳೆಗಳು ಅವುಗಳ ವಸ್ತು. ಮಗ್ಗದ ಚಿತ್ರ ಇಲ್ಲಿ ವಿಶೇಷವಾಗಿ ಮುಖ್ಯ. ಹಾಸಿನ ನೂಲು ನೇರವಾಗಿರುವುದು ಅದರ ಸ್ವಭಾವದಿಂದಲ್ಲ, ಎರಡು ತುದಿಗಳ ನಡುವಿನ ಬಿಗಿತದಿಂದ. ಬಿಗಿತ ಸಡಿಲಿದರೆ ನೇರವೂ ಇಲ್ಲ, ನೇಯ್ಗೆಯೂ ಇಲ್ಲ. ನಸ್ರೀನ್ ಅವರ ಅಡ್ಡಗೆರೆ ಸಹ ಜ್ಯಾಮಿತಿಯ ಕಲ್ಪಿತ ರೇಖೆಯಂತಿರದೆ ಹೀಗೆ ಎರಡು ಕಡೆಯಿಂದ ಹಿಡಿದುಕೊಂಡ ಎಳೆಯಂತಿದೆ. ಕನ್ನಡದಲ್ಲಿ ಗೆರೆಯನ್ನು ‘ಎಳೆಯುತ್ತಾರೆ’ ಎನ್ನುವಾಗ ಇರುವ ಸೆಳೆತ ಇದೇ.

ಅವರ ದಿನಚರಿಗಳೂ ಇದೇ ಮಾತನ್ನು ಹೇಳುತ್ತವೆ. ಬರೆದ ಸಾಲುಗಳನ್ನು ಮಸಿಯ ಪಟ್ಟಿಗಳಿಂದ ಮುಚ್ಚಿ, ಮುದ್ರಿತ ದಿನಾಂಕದ ಅಂಕಣಗಳನ್ನು ಗೆರೆಗಳಿಂದ ತುಂಬಿ, ದಿನಚರಿಯ ಪುಟವನ್ನೇ ರೇಖಾಚಿತ್ರವಾಗಿ ಮಾರ್ಪಡಿಸಿದ ಉದಾಹರಣೆಗಳು ಅವುಗಳಲ್ಲಿವೆ. ಬರೆಯುವುದು ಮತ್ತು ಗೆರೆ ಎಳೆಯುವುದು ಒಂದೇ ಕೈಯ ಒಂದೇ ದಿನದ ಕೆಲಸವಾಗಿತ್ತು.

4. ಉಪಕರಣ ಮತ್ತು ದೇಹ

ನಸ್ರೀನ್ ಅವರ ಕೊನೆಯ ವರ್ಷಗಳಲ್ಲಿ ಚಲನೆಯ ಮೇಲಿನ ಹಿಡಿತವನ್ನು ಕುಂದಿಸುವ ನರಸಂಬಂಧಿ ಕಾಯಿಲೆ ತೀವ್ರಗೊಂಡಿತು. ಆ ವರ್ಷಗಳಲ್ಲಿಯೇ ಅವರ ರೇಖೆ ಹಿಂದೆಂದಿಗಿಂತ ಸೂಕ್ಷ್ಮವಾಯಿತು. ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ಕೃತಿಗಳನ್ನು ಸಂಕಲ್ಪಬಲದ ವಿಜಯಗಾಥೆಯಾಗಿ ಓದುವ ರೂಢಿ ಬೆಳೆದಿದೆ. ಈ ಓದಿನಲ್ಲಿ ಗೌರವವಿದೆ, ಆದರೆ ಎರಡು ತೊಡಕುಗಳೂ ಇವೆ. ಮೊದಲನೆಯದಾಗಿ, ನಕ್ಷೆಯ ಉಪಕರಣಗಳು ಅವರ ಕೈಗೆ ಬಂದದ್ದು ದೇಹ ಸೋತ ಮೇಲಲ್ಲ. 1970ರ ದಶಕದ ಜಾಲಗಳಲ್ಲಿಯೇ ಅವು ಪೂರ್ಣವಾಗಿ ಕಾರ್ಯಪ್ರವೃತ್ತವಾಗಿವೆ. ಎರಡನೆಯದಾಗಿ, ವಿಜಯದ ಕಥೆ ದೇಹವನ್ನು ಅಡ್ಡಿಯೆಂದು, ಗೆರೆಯನ್ನು ದೇಹವನ್ನು ಮೀರಿದ್ದೆಂದು ಭಾವಿಸುತ್ತದೆ.

ವಾಸ್ತವದಲ್ಲಿ ಪಟ್ಟಿಯ ಅಂಚು ಕೈಗೆ ಶತ್ರುವಲ್ಲ, ಆಸರೆ. ಅದು ಚಲನೆಯ ಒಂದು ದಿಕ್ಕನ್ನು ತಾನು ವಹಿಸಿಕೊಂಡು, ಒತ್ತಡ, ವೇಗ, ಆರಂಭ, ಅಂತ್ಯಗಳನ್ನು ಕೈಗೇ ಬಿಡುತ್ತದೆ. ನೇರವಾಗಿರುವ ಹೊಣೆಯನ್ನು ಉಪಕರಣಕ್ಕೆ ಒಪ್ಪಿಸಿದ ಮೇಲೆ ಉಳಿಯುವುದೆಲ್ಲ ಕೈಯ ಸೂಕ್ಷ್ಮ ನಿರ್ಧಾರಗಳೇ. ಆದ್ದರಿಂದ ಪಟ್ಟಿ ಹಿಡಿದು ಎಳೆದ ಗೆರೆಯಲ್ಲಿ ಮುಕ್ತಹಸ್ತದ ಗೆರೆಗಿಂತ ದೇಹ ಕಡಿಮೆಯೆನ್ನುವುದು ತಪ್ಪು. ಅಲ್ಲಿ ದೇಹ ಕಿರಿದಾದ ಓಣಿಯಲ್ಲಿ ನಡೆಯುತ್ತದೆ, ಅಷ್ಟೆ. ಕಿರಿದಾದ ಓಣಿಯಲ್ಲಿ ಪ್ರತಿಯೊಂದು ಹೆಜ್ಜೆಯೂ ಕೇಳಿಸುತ್ತದೆ. ಕೊನೆಯ ಚಿತ್ರಗಳಲ್ಲಿ ಗೆರೆಗಳ ಸಂಖ್ಯೆ ಕಡಿಮೆಯಾಗಿ ಬಿಳಿ ಹೆಚ್ಚಿರುವುದನ್ನು ಆಧ್ಯಾತ್ಮಿಕ ವಿರಕ್ತಿಯೆಂದು ಮಾತ್ರ ಓದದೆ, ದೇಹಕ್ಕೆ ಎಷ್ಟು ಗೆರೆ ಸಾಧ್ಯ, ಎಷ್ಟು ಸಾಕು ಎಂಬ ಲೆಕ್ಕಾಚಾರವಾಗಿಯೂ ಓದಲು ಅವಕಾಶವಿದೆ. ಈ ಓದಿನಿಂದ ಕೃತಿಯ ಘನತೆ ಕುಗ್ಗುವುದಿಲ್ಲ. ದೇಹದ ಮಿತಿಯನ್ನು ಅರಿತು ಅದರೊಡನೆ ದುಡಿದ ಕಲಾವಿದೆ, ದೇಹವನ್ನು ಗೆದ್ದ ಕಲಾವಿದೆಗಿಂತ ಸಣ್ಣವಳಲ್ಲ.

ಅಮೆರಿಕದ ಆಗ್ನೆಸ್ ಮಾರ್ಟಿನ್ (1912–2004) ಅವರೊಡನೆ ನಸ್ರೀನ್ ಅವರನ್ನು ಹೋಲಿಸುವುದು ಸಾಮಾನ್ಯವಾಗಿದೆ. 2007ರಲ್ಲಿ ಜರ್ಮನಿಯ ಕಾಸೆಲ್ ನಗರದ ಡಾಕ್ಯುಮೆಂಟಾ 12ರಲ್ಲಿ ಇಬ್ಬರ ಕೃತಿಗಳೂ ಇದ್ದವು. ಇಬ್ಬರೂ ಜಾಲವನ್ನು ಬಳಸಿದ್ದಾರೆಂಬುದು ಮೇಲ್ನೋಟದ ಸಾಮ್ಯ. ಸಾಮಗ್ರಿಯ ನೆಲೆಗೆ ಇಳಿದರೆ ಭೇದ ಸ್ಪಷ್ಟವಾಗುತ್ತದೆ. ಮಾರ್ಟಿನ್ ಅವರ ಪ್ರಸಿದ್ಧ ಕೃತಿಗಳು ಸುಮಾರು ಆರು ಅಡಿ ಚದರದ ಕ್ಯಾನ್ವಾಸುಗಳು; ಪೆನ್ಸಿಲ್ ಗೆರೆ ಬಟ್ಟೆಯ ನೇಯ್ಗೆಯ ಮೇಲೆ ಹಾಯುವಾಗ ಎಡವುತ್ತ ಮಂಜಾಗುತ್ತದೆ. ಅವು ನಿಂತ ಮನುಷ್ಯನ ಅಳತೆಯವು. ನಸ್ರೀನ್ ಅವರ ಹಾಳೆ ಬಾಗಿ ಕುಳಿತ ದೇಹದ, ಚಾಚಿದ ಒಂದು ತೋಳಿನ ಅಳತೆಯದು. ಗೆರೆ ನುಣುಪು ಕಾಗದದ ಮೇಲೆ ಹರಿತವಾಗಿ ನಿಲ್ಲುತ್ತದೆ. ಒಬ್ಬರದು ಹರಡುವ ಜಾಲ, ಇನ್ನೊಬ್ಬರದು ಸೆಳೆಯುವ ಜಾಲ.

5. ಬರೆ ಮತ್ತು ಗೀರು: ಜೇರಾಮ್ ಪಟೇಲ್, ಸೋಮನಾಥ ಹೋರ್

ಎಳೆಯುವ ಗೆರೆ ಮೇಲ್ಮೈಗೆ ಏನನ್ನೋ ಸೇರಿಸುತ್ತದೆ. ಮೇಲ್ಮೈಯಿಂದ ಏನನ್ನೋ ಕಳೆಯುವ ಗೆರೆಗಳೂ ಇವೆ. ಬರೋಡಾದಲ್ಲಿಯೇ ಅಧ್ಯಾಪಕರಾಗಿದ್ದ ಜೇರಾಮ್ ಪಟೇಲ್ 1960ರ ದಶಕದ ಆರಂಭದಿಂದ ಪ್ಲೈವುಡ್ ಹಲಗೆಗಳನ್ನು ಬ್ಲೋ ಟಾರ್ಚಿನಿಂದ ಸುಟ್ಟು ಕೃತಿಗಳನ್ನು ರಚಿಸಿದರು. ಅವರು ಸದಸ್ಯರಾಗಿದ್ದ ‘ಗ್ರೂಪ್ 1890’ ಬಳಗದ ಏಕೈಕ ಪ್ರದರ್ಶನ 1963ರಲ್ಲಿ ದಿಲ್ಲಿಯಲ್ಲಿ ನಡೆಯಿತು. ಅದರ ಪರಿಚಯ ಲೇಖನವನ್ನು ಆಗ ಭಾರತದಲ್ಲಿ ಮೆಕ್ಸಿಕೋದ ರಾಯಭಾರಿಯಾಗಿದ್ದ ಕವಿ ಆಕ್ಟೇವಿಯೋ ಪಾಜ್ ಬರೆದರು. ಚಿತ್ರವು ಜಗತ್ತಿನ ಪ್ರತಿಬಿಂಬವಲ್ಲ, ತಾನೇ ಒಂದು ವಸ್ತು ಎಂಬ ನಿಲುವು ಆ ಬಳಗದ್ದಾಗಿತ್ತು. ಜೇರಾಮ್ ಅವರ ಸುಟ್ಟ ಹಲಗೆಗಳಲ್ಲಿ ಆ ನಿಲುವು ಅಕ್ಷರಶಃ ಕಾಣುತ್ತದೆ.

ಪ್ಲೈವುಡ್ ತೆಳು ಹಾಳೆಗಳನ್ನು ಅಂಟಿನಿಂದ ಒಂದರ ಮೇಲೊಂದು ಕೂಡಿಸಿದ ಮರ. ಒಂದು ಹಾಳೆಯ ನಾರಿನ ದಿಕ್ಕಿಗೆ ಮುಂದಿನ ಹಾಳೆಯ ನಾರು ಅಡ್ಡವಾಗಿರುತ್ತದೆ. ಜ್ವಾಲೆ ಮೇಲಿನ ಹಾಳೆಯನ್ನು ಕರಿದುಮಾಡಿ, ಕೊರೆದು, ಕೆಳಗಿನ ಹಾಳೆಗೆ ತಲಪುವಷ್ಟರಲ್ಲಿ ನಾರಿನ ದಿಕ್ಕು ಬದಲಾಗಿರುತ್ತದೆ. ಕಲಾವಿದ ಜ್ವಾಲೆಯನ್ನು ಎಲ್ಲಿ ಹಿಡಿಯಬೇಕೆಂದು ನಿರ್ಧರಿಸಬಹುದು. ಅದು ಎಲ್ಲಿಯವರೆಗೆ ಹೋಗುತ್ತದೆಂದು ಪೂರ್ಣವಾಗಿ ನಿರ್ಧರಿಸಲಾರ. ಇಲ್ಲಿಯ ಕಪ್ಪು ಹಚ್ಚಿದ ಬಣ್ಣವಲ್ಲ, ಮರವೇ ಇದ್ದಿಲಾದದ್ದು. ‘ಬರೆ’ ಎಂಬ ಪದದ ಎರಡು ಅರ್ಥಗಳು, ರಚನೆ ಮತ್ತು ಸುಟ್ಟ ಗುರುತು, ಈ ಹಲಗೆಗಳಲ್ಲಿ ಒಂದಾಗಿವೆ. ಅವರ ಮಸಿಯ ಚಿತ್ರಗಳಲ್ಲಿನ ದಟ್ಟ ಕಪ್ಪು ಮುದ್ದೆಗಳು ಇದೇ ಅನುಭವದಿಂದ ಬಂದವೆನಿಸುತ್ತದೆ: ಆಕಾರವನ್ನು ಸುತ್ತುವರಿಯುವ ಗೆರೆ ಅಲ್ಲಿಲ್ಲ, ಆಕಾರ ಒಳಗಿನಿಂದ ಹರಡುತ್ತ ಎಲ್ಲಿ ನಿಂತಿತೋ ಅದೇ ಅದರ ಅಂಚು.

ಸೋಮನಾಥ ಹೋರ್ ಅವರ ‘ಗಾಯಗಳು’ ಮಾಲಿಕೆ ಮತ್ತೊಂದು ಬಗೆಯದು. 1943ರ ಬಂಗಾಳದ ಕ್ಷಾಮವನ್ನೂ 1946ರ ತೇಭಾಗಾ ರೈತ ಹೋರಾಟವನ್ನೂ ಕಣ್ಣಾರೆ ಕಂಡು ಚಿತ್ರಿಸಿದ ಅವರು, ಶಾಂತಿನಿಕೇತನದಲ್ಲಿ 1970ರ ದಶಕದಲ್ಲಿ ಮಸಿಯಿಲ್ಲದ ಮುದ್ರಣಗಳನ್ನು ರೂಪಿಸಿದರು. ಮಣ್ಣು ಅಥವಾ ಮೇಣದ ಹಲಗೆಯ ಮೇಲೆ ಚಾಕುವಿನಿಂದ ಸೀಳಿ, ಕಾದ ಕಡ್ಡಿಯಿಂದ ಚುಚ್ಚಿ, ಅದರಿಂದ ಸಿಮೆಂಟಿನ ಅಚ್ಚನ್ನು ಎರಕ ಹೊಯ್ದು, ಆ ಅಚ್ಚಿಗೆ ಒದ್ದೆಯಾದ ಕಾಗದದ ತಿರುಳನ್ನು ಒತ್ತಿ ಒಣಗಿಸುವುದು ಅವರ ಕ್ರಮ. ಕೊನೆಗೆ ದೊರೆಯುವುದು ಬಿಳಿಯ ಮೇಲೆ ಬಿಳಿ. ಇಲ್ಲಿ ಕಾಗದವು ಗೆರೆಯನ್ನು ಹೊರುವ ನೆಲವಾಗಿ ಉಳಿದಿಲ್ಲ. ಗೆರೆಯೊಡನೆಯೇ ಹುಟ್ಟುವ ಚರ್ಮವಾಗಿದೆ. ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಗೀರಿನ ಅಂಚು ನೆರಳಾಗಿ ಎದ್ದು ಕಾಣುತ್ತದೆ. ಬೆಳಕು ನೇರವಾದರೆ ಗಾಯ ಮರೆಯಾಗುತ್ತದೆ. ಹಿಂಸೆಯನ್ನು ಕಾಣಲು ನೋಡುವ ಕೋನವನ್ನು ಬದಲಿಸಬೇಕೆಂಬ ನೈತಿಕ ಒತ್ತಾಯವನ್ನು ಇದಕ್ಕಿಂತ ಸಂಯಮದಿಂದ ಹೇಳಿದ ಕೃತಿಗಳು ವಿರಳ. ಆ ಒತ್ತಾಯ ಬಂದಿರುವುದು ವಸ್ತುವಿಷಯದಿಂದಲ್ಲ, ಒಣಗಿದ ತಿರುಳಿನಿಂದ.

ಮೂವರನ್ನು ಒಟ್ಟಿಗೆ ಇಟ್ಟು ನೋಡಿದರೆ, ಅಮೂರ್ತ ರೇಖೆಗೆ ಜೀವನಸಂಬಂಧವಿಲ್ಲವೆಂಬ ಹಳೆಯ ಆರೋಪ ಎಷ್ಟು ದುರ್ಬಲವೆಂಬುದು ತಿಳಿಯುತ್ತದೆ. ಸಂಬಂಧ ಚಿತ್ರಿಸಿದ ವಸ್ತುವಿನಲ್ಲಿಲ್ಲದೆ ಚಿತ್ರಿಸಿದ ಬಗೆಯಲ್ಲಿದೆ.

6. ಕರ್ನಾಟಕದ ಸಂದರ್ಭ

ಆಧುನಿಕ ಕರ್ನಾಟಕದ ಕಲೆಯಲ್ಲಿ ರೇಖೆಯ ಮಾತು ಬಂದಾಗ ಮೊದಲು ನೆನಪಾಗುವವರು ಕೆ. ಕೆ. ಹೆಬ್ಬಾರ (1911–1996). ಅವರ ರೇಖೆ ನೃತ್ಯ ಮತ್ತು ಸಂಗೀತದ ಲಯವನ್ನು ಹಿಡಿಯುವ ಮುಕ್ತಹಸ್ತದ ರೇಖೆ. ದುಡಿಯುವ, ಕುಣಿಯುವ ದೇಹ ಅದರ ಎದುರಿಗಿದೆ. ಅಮೂರ್ತ ರೇಖೆಯಲ್ಲಿ ಆ ದೇಹ ಎದುರಿನಿಂದ ಹಿಂದಕ್ಕೆ, ಅಂದರೆ ಗೆರೆ ಎಳೆಯುವವರ ತೋಳಿಗೆ, ಸರಿಯುತ್ತದೆ. ಈ ಸ್ಥಾನಾಂತರವನ್ನು ಕನ್ನಡದ ಪ್ರೇಕ್ಷಕ ಅಪರಿಚಿತವೆಂದು ಭಾವಿಸಬೇಕಾಗಿಲ್ಲ. ರಂಗೋಲಿಯ ಎಳೆ ಹೆಬ್ಬೆರಳು ಮತ್ತು ತೋರುಬೆರಳ ನಡುವಿನಿಂದ ಜಾರುವ ಪುಡಿಯ ಗೆರೆ. ಕೈ ನಿಧಾನಿಸಿದರೆ ದಪ್ಪ, ಅವಸರಿಸಿದರೆ ತೆಳು. ಬೆಳಗ್ಗೆ ಹಾಕಿದ್ದು ಸಂಜೆಗೆ ಉಳಿಯುವುದಿಲ್ಲ. ಮಲೆನಾಡಿನ ದೀವರ ಹೆಣ್ಣುಮಕ್ಕಳ ಹಸೆ ಚಿತ್ತಾರದಲ್ಲಿ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿಯನ್ನು ಪುಂಡಿ ನಾರಿನ ಕುಂಚದಿಂದ ಎಳೆಯಾಗಿ ಎಳೆಯುತ್ತಾರೆ. ಆ ಎಳೆಯ ತೆಳುವನ್ನು ನಿರ್ಧರಿಸುವುದು ನಾರು. ಇವು ನಸ್ರೀನ್ ಅವರ ಮೂಲಗಳೆಂದು ಹೇಳುವುದು ಅಸಾಧು. ಅಂಥ ಸಂಬಂಧಕ್ಕೆ ಆಧಾರವಿಲ್ಲ. ಹೇಳಬಹುದಾದದ್ದು ಇಷ್ಟೆ: ಗೆರೆಯ ಗುಣವನ್ನು ಸಾಮಗ್ರಿಯಿಂದಲೂ ಕೈಯಿಂದಲೂ ಅಳೆಯುವ ಕಣ್ಣು ಈ ನೆಲದಲ್ಲಿ ಮೊದಲೇ ಇದೆ. ಮನೆಯಂಗಳದಲ್ಲಿ ಬಳಸುವ ಆ ಕಣ್ಣನ್ನು ಕಲಾಗ್ಯಾಲರಿಯ ಬಾಗಿಲಲ್ಲಿ ಕಳಚಿಡಬೇಕಾಗಿಲ್ಲ.

ಭದ್ರಾವತಿಯಲ್ಲಿ 1957ರಲ್ಲಿ ಜನಿಸಿ, ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ ಮತ್ತು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ಗಳಲ್ಲಿ ಅಭ್ಯಾಸ ಮಾಡಿದ ಶೀಲಾ ಗೌಡ ಅವರ ಕೃತಿ ಈ ಚರ್ಚೆಯನ್ನು ಹಾಳೆಯಿಂದ ಹೊರಗೆ ಒಯ್ಯುತ್ತದೆ. 1990ರ ದಶಕದ ಆರಂಭದಲ್ಲಿ ಕ್ಯಾನ್ವಾಸಿನಿಂದ ಸಗಣಿಯ ಕಡೆಗೆ ಹೊರಳಿದ ಅವರು, 1998ರಲ್ಲಿ ಆರಂಭಿಸಿ ಮುಂದೆ ಹಲವು ಸಲ ಪುನಾರಚಿಸಿದ ‘ಅಂಡ್ ಟೆಲ್ ಹಿಮ್ ಆಫ್ ಮೈ ಪೇನ್’ ಎಂಬ ಕೃತಿಯಲ್ಲಿ ದಾರವನ್ನು ಒಂದೊಂದೇ ಸೂಜಿಯ ಕಣ್ಣಿನಲ್ಲಿ ಅದರ ಪೂರ್ಣ ಉದ್ದಕ್ಕೂ ಹಾಯಿಸಿ, ಎಳೆಗಳನ್ನು ಕುಂಕುಮ ಮತ್ತು ಅಂಟಿನಿಂದ ಕೂಡಿಸಿ ಕೆಂಪು ಹಗ್ಗಗಳನ್ನಾಗಿಸಿದರು. ಹಗ್ಗದ ತುದಿಯಲ್ಲಿ ಸೂಜಿಗಳು ಗೊಂಚಲಾಗಿ ತೂಗುತ್ತವೆ. ಗೋಡೆಯ ಮೇಲೂ ನೆಲದ ಮೇಲೂ ಹರಿಯುವ ಈ ಹಗ್ಗ ದೂರದಿಂದ ಅವಕಾಶದಲ್ಲಿ ಎಳೆದ ಗೆರೆ. ಹತ್ತಿರದಿಂದ ಹೆಂಗಸರ ಕೈಕೆಲಸದ ಅಗಾಧ, ಅಲಕ್ಷಿತ ದುಡಿಮೆ. ನಸ್ರೀನ್ ಅವರ ಛಾಯಾಚಿತ್ರದಲ್ಲಿ ಮಗ್ಗದ ಹಾಸಾಗಿದ್ದ ಎಳೆ ಇಲ್ಲಿ ರೂಪಕವಾಗಿ ಉಳಿದಿಲ್ಲ, ನೂಲೇ ಆಗಿದೆ. ಸೂಜಿಯ ಮೊನೆಯೂ ಕುಂಕುಮದ ಕೆಂಪೂ ಸೇರಿ ಎಳೆ ಮತ್ತು ಗಾಯಗಳ ನಡುವಿನ ಅಂತರವನ್ನು ಅಳಿಸುತ್ತವೆ.

7. ಉಪಸಂಹಾರ

ನಸ್ರೀನ್ ತಮ್ಮ ಕೃತಿಗಳಿಗೆ ಸಾಮಾನ್ಯವಾಗಿ ಹೆಸರನ್ನಿಡಲಿಲ್ಲ, ದಿನಾಂಕವನ್ನೂ ಬರೆಯಲಿಲ್ಲ. 1990ರಲ್ಲಿ ಮಹಾರಾಷ್ಟ್ರದ ಕಡಲತೀರದ ಕಿಹೀಮಿನಲ್ಲಿ ಅವರು ನಿಧನರಾದ ಮೇಲೆ, ದಿಲ್ಲಿಯ ಕಿರಣ್ ನಾಡಾರ್ ಕಲಾ ಸಂಗ್ರಹಾಲಯ 2013ರಲ್ಲಿ, ಮಾಡ್ರಿಡಿನ ರೀನಾ ಸೋಫಿಯಾ 2015ರಲ್ಲಿ, ನ್ಯೂಯಾರ್ಕಿನ ಮೆಟ್ ಬ್ರೋಯರ್ 2016ರಲ್ಲಿ ಅವರ ಸಮಗ್ರ ಪ್ರದರ್ಶನಗಳನ್ನು ಏರ್ಪಡಿಸಿದವು. ಹೆಸರೂ ಕಾಲವೂ ಇಲ್ಲದ ಇಂಥ ಕೃತಿಗಳನ್ನು ಕ್ರಮವಾಗಿ ಜೋಡಿಸುವಾಗ ವಿದ್ವಾಂಸರಿಗೆ ನೆರವಾಗುವುದು ಕೃತಿಯೇ: ಕಾಗದ ಯಾವುದು, ಗೆರೆ ಕುಂಚದ್ದೋ ಲೇಖನಿಯದೋ, ಗ್ರಾಫೈಟ್ ಎಲ್ಲಿ ನಿಂತು ಶಾಯಿ ಎಲ್ಲಿ ಆರಂಭಗೊಂಡಿದೆ. ಸಾಮಗ್ರಿಯ ಜ್ಞಾನ ಇಲ್ಲಿ ಅಲಂಕಾರವಲ್ಲ, ಚರಿತ್ರೆಯ ಏಕೈಕ ಆಕರವಾಗುವ ಸಂದರ್ಭಗಳೂ ಇವೆ.

ಇದರಿಂದ ಸಂಗ್ರಹಾಲಯಗಳಿಗೂ ಅಕಾಡೆಮಿಗಳಿಗೂ ಒಂದು ಹೊಣೆ ಒದಗುತ್ತದೆ. ‘ಮಿಶ್ರ ಮಾಧ್ಯಮ’ ಎಂಬ ಎರಡು ಪದಗಳ ಫಲಕ ಒಂದು ಕೃತಿಯ ಅರ್ಧ ಅರ್ಥವನ್ನು ಮುಚ್ಚಿಹಾಕಬಲ್ಲದು. ಆಮ್ಲಾಂಶವುಳ್ಳ ಕಾಗದ ಕಾಲಕ್ರಮೇಣ ಹಳದಿಗಟ್ಟಿ ಪೆಡಸಾಗುತ್ತದೆ. ಬಿಳಿಯೇ ಮುಖ್ಯವಾದ ಚಿತ್ರದಲ್ಲಿ ಕಾಗದ ಹಳದಿಯಾದರೆ ಚಿತ್ರವೇ ಬದಲಾದಂತೆ. ಕಲಾವಿದರು ಬದುಕಿರುವಾಗಲೇ ಅವರು ಬಳಸಿದ ಕಾಗದ, ಮಸಿ, ಅಂಟು, ಉಪಕರಣಗಳನ್ನು, ಕೆಲಸ ಮಾಡುವ ಭಂಗಿಯನ್ನು, ತಿದ್ದುವ ಕ್ರಮವನ್ನು ಅವರ ಮಾತಿನಲ್ಲಿಯೇ ದಾಖಲಿಸಿಕೊಳ್ಳುವುದು ಅಗತ್ಯ. ಕರ್ನಾಟಕದ ಹಿರಿಯ ಕಲಾವಿದರ ವಿಷಯದಲ್ಲಿ ಈ ಕೆಲಸ ಕನ್ನಡದಲ್ಲಿ ನಡೆದರೆ, ಗೀರು, ಗೀಚು, ತೀಡು, ಒರೆ, ಬಳಿ, ಸವರು ಮುಂತಾದ ಕ್ರಿಯಾಪದಗಳಿಂದ ಒಂದು ವಿಮರ್ಶಾ ಪರಿಭಾಷೆಯೇ ರೂಪುಗೊಳ್ಳುವ ಸಾಧ್ಯತೆಯಿದೆ.

ಅಮೂರ್ತ ರೇಖಾಚಿತ್ರದ ಮುಂದೆ ನಿಂತ ಪ್ರೇಕ್ಷಕ ಸಾಮಾನ್ಯವಾಗಿ ಕೇಳುವ ಪ್ರಶ್ನೆ ‘ಇದರ ಅರ್ಥವೇನು’ ಎಂಬುದು. ಆ ಪ್ರಶ್ನೆಗೆ ಮೌನವೆಂದೋ ಅನಂತವೆಂದೋ ಉತ್ತರಿಸಿ ಅವನನ್ನು ಕಳಿಸಿಕೊಡುವುದು ವಿಮರ್ಶೆಗೆ ಸುಲಭ. ‘ಈ ಗೆರೆ ಹೇಗೆ ಬಂತು’ ಎಂದು ಕೇಳಲು ಅವನಿಗೆ ಕಲಿಸುವುದು ಕಷ್ಟದ, ಆದರೆ ಹೆಚ್ಚು ಪ್ರಾಮಾಣಿಕವಾದ ಕೆಲಸ. ಆ ಪ್ರಶ್ನೆ ಕೇಳಿದವನು ಚಿತ್ರಕ್ಕೆ ಹತ್ತಿರ ಹೋಗುತ್ತಾನೆ, ಬಾಗುತ್ತಾನೆ, ಒಂದು ಹೆಜ್ಜೆ ಬದಿಗೆ ಸರಿಯುತ್ತಾನೆ. ಗ್ರಾಫೈಟ್ ಮಿನುಗುವುದು ಆಗಲೇ.